ಆರು ವಾರದ ಇಂಟರ್‌ವ್ಯೂ ಪ್ಯಾಕೇಜು, ಕೆಲಸಕ್ಕೆ ಬಂದದ್ದು ಐವತ್ತು ನಿಮಿಷ

ಮೊದಲೇ ಹೇಳಿಬಿಡುತ್ತೇನೆ, ಈ ಸೇವೆಯ ಹೆಸರು ಬರೆಯುವುದಿಲ್ಲ. ದೂರು ಕೊಟ್ಟ ಮೇಲೆ ಅರ್ಧ ದುಡ್ಡು ವಾಪಸ್ ಬಂತು, ಅಲ್ಲಿಗೆ ಆ ಜಗಳ ಮುಗಿಯಿತು. ಅದೂ ಅಲ್ಲದೆ ಇಂಥದ್ದನ್ನು ಮಾರುವವರು ಬಹಳ ಮಂದಿ, ಒಳಗಿನ ಸರಕು ಹೆಚ್ಚುಕಮ್ಮಿ ಒಂದೇ. ರೆಸ್ಯೂಮ್ ಬರೆದುಕೊಡುತ್ತಾರೆ, ಐನೂರು ಪ್ರಶ್ನೆಗಳ ಪಿಡಿಎಫ್ ಕಳಿಸುತ್ತಾರೆ, ಕಂಪ್ಯೂಟರ್ ಜೊತೆ ವಿಡಿಯೊ ಇಂಟರ್‌ವ್ಯೂ ಮಾಡಿಸುತ್ತಾರೆ, ಮನುಷ್ಯರ ಜೊತೆ ಎರಡು ಮಾಕ್ ಇಂಟರ್‌ವ್ಯೂ, ಅಂದರೆ ಅಭ್ಯಾಸದ ಇಂಟರ್‌ವ್ಯೂ ಇರುತ್ತದೆ, ನಮ್ಮ ಪರವಾಗಿ ಕಂಡಕಂಡಲ್ಲಿ ಅರ್ಜಿ ಹಾಕುವ ‘ಆಟೊ ಅಪ್ಲೈ’ ಇರುತ್ತದೆ. ನೀವೂ ಇಂಥದ್ದಕ್ಕೆ ದುಡ್ಡು ಕಟ್ಟುವ ಯೋಚನೆಯಲ್ಲಿದ್ದರೆ ಯಾವುದಕ್ಕೆ ಕಟ್ಟಬಹುದು, ಯಾವುದಕ್ಕೆ ಬೇಡ ಅನ್ನುವುದನ್ನು ನನ್ನ ಕಥೆಯಿಂದ ನೀವೇ ತೂಗಿ ನೋಡಿ.

ನನ್ನ ಹಿನ್ನೆಲೆ ಸ್ವಲ್ಪ. ಗೋಡೌನ್‌ನ ಸ್ಟಾಕ್ ನೋಡಿಕೊಳ್ಳುವ ಕೆಲಸದಲ್ಲಿ ಹನ್ನೊಂದು ವರ್ಷ ಇದ್ದೆ. ಅಪ್ಪನಿಗೆ ಸ್ಟ್ರೋಕ್ ಆದಾಗ ಕೆಲಸ ಬಿಟ್ಟೆ, ಎರಡೂವರೆ ವರ್ಷ ಮನೆಯಲ್ಲೇ ಕಳೆಯಿತು. ಮತ್ತೆ ಹುಡುಕಲು ಕೂತಾಗ ನನಗೆ ನಲವತ್ತೊಂದು. ಅದಕ್ಕೆ ಮೊದಲು ನಾನು ಇಂಟರ್‌ವ್ಯೂ ಎದುರಿಸಿದ್ದು ಇಪ್ಪತ್ತೇಳರಲ್ಲಿ. ಅವತ್ತು ಕೇಳಿದ್ದು ಎರಡೇ ಪ್ರಶ್ನೆ: ಎಕ್ಸೆಲ್ ಬರುತ್ತಾ, ಯಾವತ್ತಿಂದ ಬರ್ತೀರಿ. ಈಗಿನವರು ಏನೇನೋ ಕೇಳುತ್ತಾರಂತೆ ಎಂಬ ಹೆದರಿಕೆಯಲ್ಲೇ ಈ ಪ್ಯಾಕೇಜ್ ತೆಗೆದುಕೊಂಡದ್ದು.

ಮೊದಲು ಬಂದದ್ದು ರೆಸ್ಯೂಮ್. ಒಂದು ಫಾರಂ ತುಂಬಿಸಿಕೊಂಡರು, ಯಾರೂ ಫೋನ್ ಮಾಡಲಿಲ್ಲ, ಮೂರನೇ ದಿನ ಫೈಲ್ ಬಂತು. ನೋಡಲು ಮದುವೆ ಕಾಗದದಷ್ಟು ಚೆಂದ. ಎಡಗಡೆ ನೀಲಿ ಪಟ್ಟಿ, ಅದರೊಳಗೆ ಪುಟ್ಟ ಪುಟ್ಟ ಚಿತ್ರಗಳು, ಎಕ್ಸೆಲ್ ಎದುರು ಐದರಲ್ಲಿ ನಾಲ್ಕು ಚುಕ್ಕೆ. ಆ ನಾಲ್ಕನ್ನು ಅಳೆದವರು ಯಾರು? ನಾನಂತೂ ಅಲ್ಲ.

ಅದನ್ನು ಒಂದು ಕಂಪನಿಯ ವೆಬ್‌ಸೈಟಿಗೆ ಹಾಕಿದಾಗ ಬಣ್ಣ ಬಯಲಾಯಿತು. ರೆಸ್ಯೂಮ್ ಅಪ್‌ಲೋಡ್ ಮಾಡಿದರೆ ಅರ್ಜಿಯ ಖಾನೆಗಳು ತಾವಾಗಿಯೇ ತುಂಬಿಕೊಳ್ಳುತ್ತವಲ್ಲ, ಅಲ್ಲಿ ನನ್ನ ಫೋನ್ ನಂಬರ್ ಇರಲೇ ಇಲ್ಲ. ಹಿಂದಿನ ಕಂಪನಿಯ ಹೆಸರಿನ ಜಾಗದಲ್ಲಿ ‘ಎಕ್ಸೆಲ್’ ಅಂತ ಕೂತಿತ್ತು. ಈ ಸಾಫ್ಟ್‌ವೇರ್‌ಗಳು ಫೈಲಿನಿಂದ ಬರೀ ಅಕ್ಷರಗಳನ್ನು ಹೆಕ್ಕಿಕೊಳ್ಳುತ್ತವೆ. ಎರಡು ಕಾಲಂ ಇದ್ದರೆ ಕೆಲವು ಸಲ ಎಡದ ಸಾಲನ್ನೂ ಬಲದ ಸಾಲನ್ನೂ ಒಂದೇ ಎಂದು ಸೇರಿಸಿ ಓದಿಬಿಡುತ್ತವೆ. ಪುಟದ ಹೆಡರ್‌ನಲ್ಲಿ ಬರೆದದ್ದನ್ನು ಬಿಟ್ಟೇಬಿಡುವುದೂ ಉಂಟು. ನನ್ನ ನಂಬರ್ ಇದ್ದದ್ದು ಹೆಡರ್‌ನಲ್ಲಿ. ಇದನ್ನು ಪತ್ತೆ ಹಚ್ಚಲು ಯಾವ ಪರಿಣತಿಯೂ ಬೇಡ. ಫೈಲ್ ತೆರೆದು ಎಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಅಲ್ಲಿ ಓದಲು ಆಗದ್ದು ಬಹುಶಃ ಅವರಿಗೂ ಓದಲು ಆಗುವುದಿಲ್ಲ. ರೆಸ್ಯೂಮ್ ಬರೆಯುವುದನ್ನೇ ಕಸುಬು ಮಾಡಿಕೊಂಡವರು ಈ ಎರಡು ನಿಮಿಷದ ಕೆಲಸ ಮಾಡಿರಲಿಲ್ಲ.

ಅದಕ್ಕಿಂತ ಸಿಟ್ಟು ಬಂದದ್ದು ಒಳಗಿನ ಎರಡು ಸಾಲಿಗೆ. ಒಂದು, ‘ಸ್ಟಾಕ್ ವ್ಯತ್ಯಾಸವನ್ನು 35% ಇಳಿಸಿದರು’. ಈ 35 ನಾನು ಎಲ್ಲೂ ಹೇಳಿರಲಿಲ್ಲ. ಕೇಳಿದರೆ, ‘ನಂಬರ್ ಇದ್ರೆ ತೂಕ ಬರುತ್ತೆ ಮೇಡಂ, ಎಲ್ಲರೂ ಹಾಕ್ತಾರೆ’ ಅಂದರು. ನನ್ನ ಹಳೆಯ ಡೈರಿ ತೆಗೆದು ನೋಡಿದೆ. ವರ್ಷದ ಕೊನೆಯ ಎಣಿಕೆಯಲ್ಲಿ ಸುಮಾರು 4,200 ಐಟಂಗಳ ಪೈಕಿ ಮೊದಲು 310ರಲ್ಲಿ ಲೆಕ್ಕ ತಾಳೆಯಾಗುತ್ತಿರಲಿಲ್ಲ, ಎರಡು ವರ್ಷದ ನಂತರ ಅದು 90ಕ್ಕೆ ಬಂದಿತ್ತು. ನಿಜವಾದ ಲೆಕ್ಕ ಅವರ ಸುಳ್ಳಿಗಿಂತ ಎರಡು ಪಟ್ಟು ಚೆನ್ನಾಗಿತ್ತು! ಕೇಳಿದ್ದರೆ ಹೇಳುತ್ತಿದ್ದೆ. ಇನ್ನೊಂದು ಸಾಲು, ಅಪ್ಪನ ಜೊತೆಗಿದ್ದ ಎರಡೂವರೆ ವರ್ಷವನ್ನು ‘ಫ್ರೀಲಾನ್ಸ್ ಕನ್ಸಲ್ಟೆಂಟ್’ ಅಂತ ಮಾಡಿದ್ದರು. ಯಾರಿಗೆ ಕನ್ಸಲ್ಟ್ ಮಾಡಿದಿರಿ ಅಂತ ಯಾರಾದರೂ ಕೇಳಿದರೆ ಫಿಸಿಯೊಥೆರಪಿಸ್ಟ್ ಹೆಸರು ಕೊಡಬೇಕಿತ್ತು. ಅಳಿಸಿ, ತಿಂಗಳು ವರ್ಷದ ಜೊತೆ ‘ಕುಟುಂಬದವರ ಆರೈಕೆ’ ಅಂತ ಒಂದೇ ಸಾಲು ಬರೆದೆ. ಒಂದೇ ಕಾಲಂ, ಕಪ್ಪು ಅಕ್ಷರ, ಒಂದೂವರೆ ಪುಟ. ಕೊನೆಯವರೆಗೂ ನಾನು ಕಳಿಸಿದ್ದು ಅದನ್ನೇ.

ಪಿಡಿಎಫ್ ಬಗ್ಗೆ ಬೇಗ ಮುಗಿಸುತ್ತೇನೆ. ‘ನಿಮ್ಮ ದೌರ್ಬಲ್ಯವೇನು’ ಎಂಬುದಕ್ಕೆ ‘ಎಲ್ಲವೂ ಪರಿಪೂರ್ಣವಾಗಿರಬೇಕೆಂಬ ಹಟ’ ಎಂಬ ಉತ್ತರ ಕೊಟ್ಟಿರುವ ಪಿಡಿಎಫ್ ಅದು. ಆದರೂ ಒಂದು ವಾರ ಶ್ರದ್ಧೆಯಿಂದ ಓದಿದೆ, ಹಳದಿ ಗೆರೆ ಎಳೆದೆ, ಎಲ್ಲ ಬರುತ್ತದೆ ಅನ್ನಿಸಿತು. ಪುಸ್ತಕ ಮುಚ್ಚಿ ಒಂದು ಪ್ರಶ್ನೆಗೆ ಜೋರಾಗಿ ಉತ್ತರ ಹೇಳಲು ಹೋದರೆ ಎರಡನೇ ವಾಕ್ಯಕ್ಕೇ ಬಾಯಿ ಕಟ್ಟಿತು. ಇದು ನನ್ನೊಬ್ಬಳ ದಡ್ಡತನವಲ್ಲ ಅಂತ ಆಮೇಲೆ ಗೊತ್ತಾಯಿತು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟು, ಕೆಲವರಿಗೆ ಅದನ್ನು ಮತ್ತೆ ಓದಲು ಹೇಳಿದರು, ಕೆಲವರಿಗೆ ಪಾಠ ಮುಚ್ಚಿಟ್ಟು ನೆನಪಾದದ್ದನ್ನು ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರದೇ ಮೇಲುಗೈ, ಅವರಿಗೆ ಶೇ. 81 ನೆನಪಿತ್ತು, ಬರೆದವರಿಗೆ 75. ವಾರ ಬಿಟ್ಟು ಕೇಳಿದರೆ ತಲೆಕೆಳಗು: ನೆನಪಿನಿಂದ ಬರೆದವರ ತಲೆಯಲ್ಲಿ ಶೇ. 56 ಉಳಿದಿತ್ತು, ಓದಿದವರಲ್ಲಿ 42. ಇಂಟರ್‌ವ್ಯೂ ಯಾವತ್ತೂ ಐದು ನಿಮಿಷದ ನಂತರ ಇರುವುದಿಲ್ಲವಲ್ಲ.

ಕಂಪ್ಯೂಟರ್ ಜೊತೆಗಿನ ವಿಡಿಯೊ ಇಂಟರ್‌ವ್ಯೂ ಒಂದು ತಮಾಷೆ. ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಎರಡು ನಿಮಿಷ ಮಾತಾಡಬೇಕು, ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತದೆ. ಮೊದಲ ಸಲ 62, ‘ಆತ್ಮವಿಶ್ವಾಸ ಕಡಿಮೆ’ ಎಂಬ ಷರಾ. ಟೇಬಲ್ ಲ್ಯಾಂಪನ್ನು ಹಿಂದಿನಿಂದ ಮುಂದಕ್ಕೆ ತಂದು ಅದೇ ಉತ್ತರವನ್ನು ಪದ ಬಿಡದೆ ಹೇಳಿದೆ, 81 ಬಂತು. ನನ್ನ ಆತ್ಮವಿಶ್ವಾಸ ಲ್ಯಾಂಪಿನಲ್ಲಿದೆ ಅಂತ ಅವತ್ತು ತಿಳಿಯಿತು. ನಿಜವಾದ ಕಂಪನಿಗಳೂ ಇಂಥ ರೆಕಾರ್ಡೆಡ್ ಇಂಟರ್‌ವ್ಯೂ ಮಾಡುತ್ತವೆ, ಹಾಗಾಗಿ ಒಂದು ಸಲ ಕ್ಯಾಮೆರಾ ನೋಡಿ ಮಾತಾಡಿ ರೂಢಿ ಮಾಡಿಕೊಳ್ಳುವುದು ಒಳ್ಳೆಯದೇ. ಆದರೆ ಮುಖ ನೋಡಿ ಅಂಕ ಹಾಕುವುದನ್ನು, ಈ ಧಂದೆಯಲ್ಲಿ ದೊಡ್ಡ ಹೆಸರಾದ ಹೈರ್‌ವ್ಯೂ ಕಂಪನಿಯೇ ಕೈಬಿಟ್ಟಿರುವುದಾಗಿ 2021ರಲ್ಲಿ ಹೇಳಿತ್ತು. ನನಗೆ ಇದರಿಂದ ಸಿಕ್ಕ ಲಾಭ ಒಂದೇ: ಎರಡು ನಿಮಿಷದಲ್ಲಿ ಹದಿನೇಳು ಸಲ ‘ಅಂದ್ರೆ’ ಅನ್ನುತ್ತೇನೆ ಅಂತ ಅದು ಎಣಿಸಿ ತೋರಿಸಿತು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಂಡಿದ್ದರೂ ಅದು ತಿಳಿಯುತ್ತಿತ್ತು.

ಈಗ ಆ ಐವತ್ತು ನಿಮಿಷ.

ಮೊದಲ ಮಾಕ್ ಇಂಟರ್‌ವ್ಯೂಗೆ ಬಂದವರು ಒಂದು ಕಾರ್ಖಾನೆಯ ಎಚ್‌ಆರ್‌ನಲ್ಲಿದ್ದು ನಿವೃತ್ತರಾದವರು. ಕ್ಯಾಮೆರಾ ಆನ್ ಮಾಡಿದಾಗ ಕಂಡದ್ದು ಅರ್ಧ ಹಣೆ, ಉಳಿದದ್ದೆಲ್ಲ ಸೀಲಿಂಗ್ ಫ್ಯಾನ್. ತನ್ನ ಮುಖವನ್ನೇ ಸರಿಯಾಗಿ ಕೂರಿಸಿಕೊಳ್ಳಲು ಬಾರದವರು ನನಗೇನು ಹೇಳಿಕೊಡುತ್ತಾರೆ ಅಂದುಕೊಂಡೆ.

‘ಕೆಲಸದಲ್ಲಿ ನೀವು ಬಿಡಿಸಿದ ಒಂದು ಕಷ್ಟದ ಸಮಸ್ಯೆ ಹೇಳಿ ಮೇಡಂ.’

ಇದಕ್ಕೆ ತಯಾರಾಗಿದ್ದೆ. ಶುರು ಮಾಡಿದೆ. ‘ನಮ್ಮ ಗೋಡೌನ್‌ನಲ್ಲಿ ಸ್ಟಾಕ್ ಡಿಫರೆನ್ಸ್ ತುಂಬ ಬರ್ತಿತ್ತು ಸರ್. ನಾವು ಎಲ್ಲ ಚೆಕ್ ಮಾಡಿದ್ವಿ. ನಾವು ಸಿಸ್ಟಂನಲ್ಲಿ ಸರಿಪಡಿಸಿದ್ವಿ. ಆಮೇಲೆ ನಾವು ಒಂದು ಪ್ರೊಸೀಜರ್...’

‘ಒಂದ್ನಿಮಿಷ. ನಾವು ಅಂದ್ರೆ ಯಾರು?’

‘ನಮ್ಮ ಟೀಮ್ ಸರ್.’

‘ಎಷ್ಟು ಜನ?’

‘ಐದು.’

‘ಐದೂ ಜನಕ್ಕೆ ಒಂದೇ ಸಲ ಹೊಳೀತಾ?’

ಇಲ್ಲ, ಹೊಳೆದದ್ದು ನನಗೆ. ಅದನ್ನು ಹೇಳಲು ನನಗೆ ನಾಚಿಕೆಯಾಯಿತು, ಯಾಕೆ ಅಂತ ಈಗಲೂ ಸರಿಯಾಗಿ ಗೊತ್ತಿಲ್ಲ. ಹೇಗೆ ಹೊಳೀತು ಅಂತ ಅವರು ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. ಒಂದು ಬಗೆಯ ಬೇರಿಂಗ್ ಪ್ರತಿ ತಿಂಗಳೂ ಕಡಿಮೆ ಬರುತ್ತಿತ್ತು. ಸಿಸ್ಟಂ ಪ್ರಕಾರ 480 ಇರಬೇಕು, ಎಣಿಸಿದರೆ 400. ಕದಿಯುತ್ತಿದ್ದಾರೆ ಅಂತ ಮಾತಾಯಿತು. ಹೊಸದಾಗಿ ಸೇರಿದ್ದ ಲೋಡಿಂಗ್ ಹುಡುಗನ ಬ್ಯಾಗನ್ನು ಸಂಜೆ ಗೇಟಿನಲ್ಲಿ ಬಿಚ್ಚಿಸಿ ನೋಡಲು ಶುರು ಮಾಡಿದರು. ಮೂರನೇ ದಿನ ನನಗೆ ನೋಡಲಾಗಲಿಲ್ಲ. ಊಟದ ಹೊತ್ತಿನಲ್ಲಿ ಒಬ್ಬಳೇ ಹೋಗಿ, ಸೀಲ್ ಒಡೆಯದ ಒಂದು ಬಾಕ್ಸ್ ಒಡೆದು ಎಣಿಸಿದೆ. ಹತ್ತು ಇತ್ತು. ಇನ್ನೊಂದು ಒಡೆದೆ, ಹತ್ತೇ. ನಮ್ಮ ಐಟಂ ಮಾಸ್ಟರ್‌ನಲ್ಲಿ (ಸಿಸ್ಟಂನಲ್ಲಿರುವ ಸಾಮಾನುಗಳ ಮೂಲ ಪಟ್ಟಿ) ಒಂದು ಬಾಕ್ಸ್ ಅಂದರೆ ಹನ್ನೆರಡು. ಸರಬರಾಜು ಮಾಡುವವರು ಯಾವಾಗಲೋ ಹನ್ನೆರಡರ ಪ್ಯಾಕ್ ಬಿಟ್ಟು ಹತ್ತರ ಪ್ಯಾಕ್‌ಗೆ ಬಂದಿದ್ದರು, ಲೇಬಲ್‌ನ ಮೂಲೆಯಲ್ಲಿ ಸಣ್ಣದಾಗಿ ಬರೆದೂ ಇತ್ತು. ನಲವತ್ತು ಬಾಕ್ಸ್ ಒಳಗೆ ಬಂದರೆ ಸಿಸ್ಟಂ 480 ಎಂದು ತೋರಿಸುತ್ತಿತ್ತು, ಶೆಲ್ಫ್ ಮೇಲೆ ಇರುತ್ತಿದ್ದದ್ದು 400. ಯಾರೂ ಏನೂ ಕದ್ದಿರಲಿಲ್ಲ.

ಹಣೆಯ ಕೆಳಗಿನ ಮುಖ ಆಗ ಪರದೆಯ ಒಳಗೆ ಬಂತು. ‘ಮೇಡಂ, ಇಷ್ಟೊತ್ತು ಈ ಹುಡುಗ ಎಲ್ಲಿದ್ದ?’ ಅಂದರು.

ನಾನು ತಯಾರು ಮಾಡಿದ್ದ ನಾಲ್ಕು ನಿಮಿಷದ ಉತ್ತರದಲ್ಲಿ ಅವನಿರಲಿಲ್ಲ. ನಾನೂ ಇರಲಿಲ್ಲ. ಬಾಕ್ಸೂ ಇರಲಿಲ್ಲ. ಬರೀ ‘ನಾವು’ ಇದ್ದೆವು.

ಅವರು ಅದನ್ನು ಕೂತು ತಿದ್ದಿಸಿದರು. ಹುಡುಗನ ಬ್ಯಾಗಿನಿಂದ ಶುರು ಮಾಡಿ, ಕಂಪನಿಯ ಚರಿತ್ರೆ ಬೇಡ. ಬಾಕ್ಸ್ ಒಡೆದದ್ದು ನೀವು, ಅದಕ್ಕೆ ‘ನಾನು’ ಅನ್ನಿ. ಹಳೆಯ ಜಿಆರ್‌ಎನ್‌ಗಳನ್ನು (ಮಾಲು ಒಳಗೆ ಬಂದಾಗ ಬರೆಯುವ ಚೀಟಿ) ಹುಡುಕಿಕೊಟ್ಟದ್ದು ಅಕೌಂಟ್ಸ್‌ನವರು, ಹಾಗೇ ಹೇಳಿ. ಮಾಸ್ಟರ್ ತಿದ್ದಲು ಒಪ್ಪಿಗೆ ಕೊಟ್ಟದ್ದು ಮ್ಯಾನೇಜರ್, ಅದನ್ನೂ ಹೇಳಿ. ‘ಅವರವರ ಪಾಲು ಅವರವರಿಗೆ ಕೊಟ್ಟ ಮೇಲೆ ಉಳಿದದ್ದು ನಿಮ್ದು. ಅದನ್ನ ತಗೊಳ್ಳೋಕೆ ಸಂಕೋಚ ಯಾಕೆ?’ ಕೊನೆಯಲ್ಲಿ ಏನು ಬದಲಾಯಿತು ಅಂತ ಇರಲೇಬೇಕು: ಪ್ರತಿ ಲಾಟಿನಲ್ಲೂ ಒಂದು ಬಾಕ್ಸ್ ಒಡೆದು ಎಣಿಸಿಯೇ ಒಳಗೆ ತೆಗೆದುಕೊಳ್ಳಬೇಕು ಎಂಬ ನಿಯಮ ನಾನು ಹಾಕಿಸಿದ್ದೆ. ಅದನ್ನೂ ನಾನು ಮರೆತೇ ಇದ್ದೆ. ಐದು ಸಲ ಹೇಳಿಸಿದರು. ಐದನೇ ಸಲಕ್ಕೆ ಒಂದು ನಿಮಿಷ ಐವತ್ತು ಸೆಕೆಂಡಿಗೆ ಇಳಿಯಿತು.

ಪಿಡಿಎಫ್‌ನ ಹದಿನಾಲ್ಕನೇ ಪುಟದಲ್ಲೂ ಇದೇ ಇತ್ತು, ‘ಸ್ಟಾರ್ ವಿಧಾನ’ ಎಂಬ ಹೆಸರಲ್ಲಿ: ಸನ್ನಿವೇಶ, ಹೊಣೆ, ಮಾಡಿದ ಕೆಲಸ, ಫಲಿತಾಂಶ. ನಾಲ್ಕೂ ಶಬ್ದಕ್ಕೆ ನಾನು ಹಳದಿ ಗೆರೆ ಎಳೆದಿದ್ದೆ. ಎಳೆದು ಏನಾಯಿತು? ‘ಮಾಡಿದ ಕೆಲಸ’ ಅನ್ನುವ ಖಾನೆಯಲ್ಲಿ ‘ನಾವು’ ಅಂತ ತುಂಬಿದರೆ ಪಿಡಿಎಫ್ ತಡೆಯುವುದಿಲ್ಲ.

ಇಂಥ ಪ್ರಶ್ನೆಗಳನ್ನೇ ಯಾಕೆ ಕೇಳುತ್ತಾರೆ, ನೇರವಾಗಿ ಕೆಲಸ ಬರುತ್ತಾ ಅಂತ ಕೇಳಬಾರದೇ ಅಂದೆ. ಅದಕ್ಕೆ ಅವರು ಕೊಟ್ಟ ಜಾಡು ಹಿಡಿದು ನಾನೂ ಸ್ವಲ್ಪ ಓದಿದೆ. ಯಾವ ಪರೀಕ್ಷೆ ಮುಂದಿನ ಕೆಲಸವನ್ನು ಎಷ್ಟು ಸರಿಯಾಗಿ ಊಹಿಸುತ್ತದೆ ಎಂಬ 85 ವರ್ಷಗಳ ಸಂಶೋಧನೆಯನ್ನು 1998ರಲ್ಲಿ ಶ್ಮಿಟ್ ಮತ್ತು ಹಂಟರ್ ಎಂಬಿಬ್ಬರು ಒಟ್ಟು ಹಾಕಿದರು. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ಅಳತೆಯಲ್ಲಿ ಅಂಕ ಕೊಡುವ ಇಂಟರ್‌ವ್ಯೂಗೆ 0.51, ಸುಮ್ಮನೆ ಹರಟುವ ಇಂಟರ್‌ವ್ಯೂಗೆ 0.38 ಬಂತು, ಒಂದು ಬಂದರೆ ಊಹೆ ಪೂರ್ತಿ ಸರಿ ಎಂದು ಲೆಕ್ಕ. 2022ರಲ್ಲಿ ಬೇರೆಯವರು ಮತ್ತೆ ಲೆಕ್ಕ ಹಾಕಿದಾಗ ಮೊದಲನೆಯದು 0.42ಕ್ಕೆ ಇಳಿಯಿತು, ಆದರೂ ಪಟ್ಟಿಯ ತುದಿಯಲ್ಲೇ ಉಳಿಯಿತು. ನನಗೆ ಚುಚ್ಚಿದ್ದು ಇನ್ನೊಂದು ಅಂಕಿ. ಎಷ್ಟು ವರ್ಷ ಅನುಭವ ಇದೆ ಎಂಬುದಕ್ಕೆ 1998ರ ಪಟ್ಟಿಯಲ್ಲಿ ಸಿಕ್ಕದ್ದು 0.18. ‘ಹನ್ನೊಂದು ವರ್ಷ’ ಅಂತ ನಾನು ಎದೆ ಮುಂದೆ ಮಾಡಿ ಹೇಳುತ್ತಿದ್ದೆನಲ್ಲ, ಆ ಬೇರಿಂಗ್ ಬಾಕ್ಸ್ ಒಂದರ ಮುಂದೆ ಅದು ಹಗುರ.

ಅವರ ಎಲ್ಲ ಮಾತೂ ನನಗೆ ಹಿಡಿಸಲಿಲ್ಲ. ಎರಡೂವರೆ ವರ್ಷದ ಗ್ಯಾಪ್ ಬಗ್ಗೆ ಕೇಳಿದಾಗ ನಾನು ಅಪ್ಪನ ಬಲಗೈ, ವ್ಯಾಯಾಮ, ಆಸ್ಪತ್ರೆ ಅಂತ ಮೂರು ನಿಮಿಷ ಹೇಳಿದೆ. ‘ನೀವು ಕರುಣೆ ಕೇಳ್ತಿದೀರೋ ಕೆಲಸ ಕೇಳ್ತಿದೀರೋ?’ ಅಂದರು. ಆ ಮಾತನ್ನು ಬೇರೆ ರೀತಿ ಹೇಳಬಹುದಿತ್ತು. ಅವತ್ತು ಕ್ಯಾಮೆರಾ ಆಫ್ ಮಾಡಿ ಒಂದು ನಿಮಿಷ ಕೂತಿದ್ದೆ. ಆದರೆ ಸಲಹೆ ಸರಿಯಾಗಿಯೇ ಇತ್ತು: ಏನಾಗಿತ್ತು ಅನ್ನಲು ಒಂದು ವಾಕ್ಯ, ಈಗ ಹೇಗೆ ವ್ಯವಸ್ಥೆಯಾಗಿದೆ ಅನ್ನಲು ಒಂದು ವಾಕ್ಯ, ಅಲ್ಲಿಗೆ ನಿಲ್ಲಿಸಿ.

ಎರಡನೇ ಮಾಕ್ ಇಂಟರ್‌ವ್ಯೂಗೂ ಅವರೇ ಬೇಕು ಅಂತ ಬರೆದೆ. ‘ಲಭ್ಯತೆಗೆ ಅನುಗುಣವಾಗಿ’ ಎಂಬ ಉತ್ತರ ಬಂತು, ಬಂದವರು ಬೇರೆ. ಇಪ್ಪತ್ತು ನಿಮಿಷ ತಡ, ನನ್ನ ರೆಸ್ಯೂಮ್ ತೆರೆದೇ ಇರಲಿಲ್ಲ, ನಾನು ಕಳಿಸಿದ್ದ ಹುದ್ದೆಯ ವಿವರವನ್ನೂ ನೋಡಿರಲಿಲ್ಲ. ಪಟ್ಟಿಯಿಂದ ಹತ್ತು ಪ್ರಶ್ನೆ ಓದಿದರು. ನಾನು ಮಾತಾಡುವಾಗ ಕೀಬೋರ್ಡ್ ಸದ್ದು ಕೇಳುತ್ತಿತ್ತು, ನನ್ನ ಉತ್ತರ ಬರೆದುಕೊಳ್ಳುತ್ತಿದ್ದಾರೆ ಅಂತ ಮೊದಲು ಖುಷಿಪಟ್ಟಿದ್ದೆ. ಕೊನೆಗೆ ಬಂದ ಫೀಡ್‌ಬ್ಯಾಕ್ ಪೂರ್ತಿ ಇಷ್ಟು: ‘ಓವರಾಲ್ ಗುಡ್. ಕಾನ್ಫಿಡೆನ್ಸ್ ಇನ್ನೂ ಸ್ವಲ್ಪ ಬೇಕು.’ ಅರ್ಧ ದುಡ್ಡು ವಾಪಸ್ ಕೇಳಿದ್ದು ಇದಕ್ಕೇ.

ಅಂದರೆ ಈ ಪ್ಯಾಕೇಜ್ ಚೆನ್ನಾಗಿದೆಯಾ ಅಂತ ಯಾರಾದರೂ ಕೇಳಿದರೆ ಎದುರಿಗೆ ಯಾರು ಕೂರುತ್ತಾರೆ ಅಂತ ನಾನು ತಿರುಗಿ ಕೇಳುತ್ತೇನೆ. ಇಂಟರ್‌ವ್ಯೂ ತೆಗೆದುಕೊಳ್ಳುವವರ ಹಿನ್ನೆಲೆ ಮೊದಲೇ ಹೇಳುತ್ತಾರಾ, ಎರಡೂ ಸಲ ಒಬ್ಬರೇ ಬರುತ್ತಾರಾ, ಉತ್ತರದ ಮಧ್ಯೆ ತಡೆದು ಕೇಳುತ್ತಾರಾ, ಬಿಡಿಯಾಗಿ ಒಂದೇ ಮಾಕ್ ಕೊಳ್ಳಬಹುದಾ. ಈ ನಾಲ್ಕನ್ನು ದುಡ್ಡು ಕಟ್ಟುವ ಮೊದಲು ಚಾಟ್‌ನಲ್ಲಿ ಕೇಳಿ, ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನನ್ನ ಬಳಿ ಸ್ಕ್ರೀನ್‌ಶಾಟ್ ಇದ್ದದ್ದರಿಂದಲೇ ದುಡ್ಡು ಬಂದದ್ದು.

ಆಟೊ ಅಪ್ಲೈ ಆರು ವಾರದಲ್ಲಿ 140 ಅರ್ಜಿ ಹಾಕಿತು. ಮೂರು ಕರೆ ಬಂದವು. ಒಬ್ಬರು ಫೋರ್ಕ್‌ಲಿಫ್ಟ್ ಓಡಿಸ್ತೀರಾ ಅಂತ ಕೇಳಿದರು, ಇನ್ನೊಬ್ಬರು ಇನ್ಶೂರೆನ್ಸ್ ಮಾರ್ತೀರಾ ಅಂತ. ಮೂರನೆಯವರು ಫೋನ್ ಎತ್ತಿದ ಕೂಡಲೇ ‘ನೀವು ನಮಗೆ ನಾಲ್ಕು ಸಲ ಅಪ್ಲೈ ಮಾಡಿದೀರಿ’ ಅಂತ ರೇಗಿದರು. ನಾನು ಮಾಡಿರಲಿಲ್ಲ ಅಂದರೆ ನಂಬುತ್ತಾರೆಯೇ?

ಈಗ ಸಿಕ್ಕಿರುವ ಕೆಲಸದ ಸುಳಿವು ಬಂದದ್ದು ಬೇರೆ ಕಡೆಯಿಂದ. ಹಿಂದೆ ನಮಗೆ ಮಾಲು ಕಳಿಸುತ್ತಿದ್ದ ಒಂದು ಕಂಪನಿಯ ಡಿಸ್ಪ್ಯಾಚ್‌ನಲ್ಲಿ ಒಬ್ಬರಿದ್ದರು. ವರ್ಷಕ್ಕೆ ಎರಡು ಸಲ ಲೆಕ್ಕದ ಜಗಳಕ್ಕೆ ಮಾತಾಡುತ್ತಿದ್ದೆವು, ಅಷ್ಟೇ ಪರಿಚಯ. ಹಳೆಯ ನಂಬರ್‌ಗಳನ್ನು ತಿರುವಿ ಹಾಕುವಾಗ ಅವರ ಹೆಸರು ಕಂಡಿತು, ಸಂಕೋಚ ಬಿಟ್ಟು ಮೆಸೇಜ್ ಹಾಕಿದೆ. ‘ನೀವು ಪ್ರತಿ ಇನ್‌ವಾಯ್ಸ್‌ಗೂ ಜಗಳ ಆಡ್ತಿದ್ರಲ್ಲ, ನಮ್ಮವರಿಗೆ ಅಂಥವರೇ ಬೇಕು’ ಅಂದರು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಇದನ್ನೇ ಬರೆದಿದ್ದರಂತೆ. ಪರಿಚಯದಿಂದ ಕೆಲಸ ಪಡೆದವರನ್ನು ವಿಚಾರಿಸಿದಾಗ, ಸುಳಿವು ಕೊಟ್ಟವರನ್ನು ಆಗ ಪದೇ ಪದೇ ಭೇಟಿಯಾಗುತ್ತಿದ್ದವರು ಶೇ. 16.7 ಮಾತ್ರ, ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದವರು 55.6, ಅಪರೂಪಕ್ಕೆ ಕಾಣುತ್ತಿದ್ದವರು 27.8. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ದೂರದವರಿಗೆ ಬೇರೆ ಸುದ್ದಿ ಗೊತ್ತಿರುತ್ತದೆ. ನನ್ನ ತಂಗಿ, ಸ್ನೇಹಿತೆಯರು ಎಲ್ಲರೂ ಎಂಟು ತಿಂಗಳಿಂದ ಹುಡುಕುತ್ತಲೇ ಇದ್ದರು, ಪಾಪ.

ಆ ಇಂಟರ್‌ವ್ಯೂನಲ್ಲಿ ಮೂವರು ಕೂತಿದ್ದರು. ಕಷ್ಟದ ಸಮಸ್ಯೆ ಹೇಳಿ ಅಂದರು. ಬ್ಯಾಗಿನಿಂದ ಶುರು ಮಾಡಿದೆ. ಮಧ್ಯದಲ್ಲಿ ಒಂದು ಕಡೆ ‘ನಾವು’ ಅಂತ ಬಾಯಿಗೆ ಬಂದೇಬಿಟ್ಟಿತು, ತಡೆದು ‘ಅಲ್ಲ, ನಾನು’ ಅಂದೆ. ಬರೆದುಕೊಳ್ಳುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿದರು. ಗ್ಯಾಪ್ ಬಗ್ಗೆ ಎರಡು ವಾಕ್ಯ ಹೇಳಿ ಬಾಯಿ ಮುಚ್ಚಿದೆ, ಆ ಮೌನ ತುಂಬ ಉದ್ದ ಅನ್ನಿಸಿತು, ಅವರು ಮುಂದಿನ ಪ್ರಶ್ನೆಗೆ ಹೋದರು. ಎಷ್ಟು ಸಂಬಳ ನಿರೀಕ್ಷೆ ಅಂತ ಕೇಳಿದಾಗ ಮಾತ್ರ ತಡವರಿಸಿ, ಅಂದುಕೊಂಡದ್ದಕ್ಕಿಂತ ಕಡಿಮೆ ಹೇಳಿದೆ. ಆ ಪ್ರಶ್ನೆಯನ್ನು ಮಾಕ್‌ನಲ್ಲಿ ಇಬ್ಬರೂ ಕೇಳಿರಲಿಲ್ಲ, ಇದನ್ನೂ ಅವರ ಲೆಕ್ಕಕ್ಕೇ ಹಾಕುತ್ತೇನೆ.

ಐದರಲ್ಲಿ ಎರಡು ಸ್ಟಾರ್ ಕೊಡುತ್ತಿದ್ದೇನೆ, ಎರಡೂ ಆ ಸೀಲಿಂಗ್ ಫ್ಯಾನ್‌ನವರಿಗೆ.

ಕೆಲಸಕ್ಕೆ ಸೇರಿದ ವಾರದಲ್ಲೇ ಆ ಸೇವೆಯವರಿಂದ ಒಂದು ಮೆಸೇಜ್ ಬಂತು. ಲಿಂಕ್ಡ್‌ಇನ್‌ನಲ್ಲಿ ನನ್ನ ಹೊಸ ಹುದ್ದೆ ನೋಡಿದ್ದಾರೆ. ಅವರ ‘ಸಕ್ಸೆಸ್ ಸ್ಟೋರಿ’ ಪುಟಕ್ಕೆ ನನ್ನ ಫೋಟೊ ಬೇಕಂತೆ, ಒಕ್ಕಣೆಯನ್ನೂ ಅವರೇ ಬರೆದಿದ್ದಾರೆ: ‘ಎರಡೂವರೆ ವರ್ಷದ ಬಿಡುವಿನ ನಂತರವೂ ನಾವು ಇವರಿಗೆ ಆರೇ ವಾರದಲ್ಲಿ ಕೆಲಸ ಕೊಡಿಸಿದೆವು!’

ನಾವು ಅಂದ್ರೆ ಯಾರು, ಅಂತ ಉತ್ತರ ಹಾಕಿದ್ದೇನೆ. ನೀಲಿ ಟಿಕ್ ಬಿದ್ದು ನಾಲ್ಕು ದಿನವಾಯಿತು.